ಕೈ ಬಿಡುವ ಮೊದಲೇ ಕಾಣಬೇಕು

ಬೆಳಗಾವಿ ಜಿಲ್ಲೆಯ ಉಗಾರ ಬುದ್ರುಕದ ಹೆಸರಿನಲ್ಲಿ ‘ಬುದ್ರುಕ’ ಎಂದರೆ ದೊಡ್ಡದು. ಉಗಾರ ಖುರ್ದದಲ್ಲಿ ‘ಖುರ್ದ’ ಎಂದರೆ ಚಿಕ್ಕದು. ಈ ದೊಡ್ಡ ಊರಿನ ಹೆಸರನ್ನು ಕಂಪ್ಯೂಟರ್ ತೆರೆಯ ಮೇಲಿನ ಗಿಡ್ಡ ಚೌಕದಲ್ಲಿ ಕೂರಿಸಿದರೆ ದಕಾರದ ಕೆಳಗಿನ ಒತ್ತು ಕತ್ತರಿಸಿಹೋಗಿ ‘ಬುದುಕ’ ಆದೀತು. ಊರಿನ ಹೆಸರನ್ನಾದರೆ ಓದುವವರು ಊಹಿಸಿಕೊಂಡಾರು. ಆದರೆ ‘ಪತ್ನಿ’ ಎಂಬಲ್ಲಿ ಒತ್ತು ಹೋದರೆ ಉಳಿಯುವುದು ‘ಪತಿ’! ಅರ್ಜಿ, ದಾಖಲೆಗಳ ವಿಷಯದಲ್ಲಿ ಇದು ನಗೆಯ ಮಾತಲ್ಲ.

ಇಂಥ ಚೌಕಗಳನ್ನು ತೆರೆಯ ಮೇಲೆ ಜೋಡಿಸುವುದಕ್ಕೆಂದೇ ಪ್ರತ್ಯೇಕ ತಂತ್ರಾಂಶಗಳಿವೆ. ಗುಂಡಿ, ಪಟ್ಟಿ, ಹೆಸರು ತುಂಬುವ ಜಾಗ ಇವನ್ನೆಲ್ಲ ಮೌಸ್‌ನಿಂದ ಹಿಡಿದೆಳೆದು ಬೇಕಾದಲ್ಲಿ ಇಡಬಹುದು. ಹಾಗೆ ಎಳೆಯುವಾಗ ‘ಇಲ್ಲಿ ಬಿಟ್ಟರೆ ಹೀಗಾಗುತ್ತದೆ’ ಎಂದು ತಂತ್ರಾಂಶ ಮುಂಚೆಯೇ ತೋರಿಸಬೇಕು. ಅದಕ್ಕೆ ಮಾತಿಲ್ಲ, ಗೆರೆ, ಚುಕ್ಕಿ, ಬಣ್ಣಗಳೇ ಅದರ ಭಾಷೆ. ಈ ಭಾಷೆ ರೂಪುಗೊಂಡದ್ದು ಆರು ದಶಕಗಳ ಅವಧಿಯಲ್ಲಿ.

1963ರಲ್ಲಿ ಅಮೆರಿಕದ ಐವನ್ ಸದರ್‌ಲ್ಯಾಂಡ್ ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಗೆ ಸಲ್ಲಿಸಿದ ಮಹಾಪ್ರಬಂಧದಲ್ಲಿ ‘ಸ್ಕೆಚ್‌ಪ್ಯಾಡ್’ ಎಂಬ ತಂತ್ರಾಂಶವನ್ನು ವಿವರಿಸಿದರು. ಬೆಳಕಿನ ಪೆನ್ನನ್ನು ತೆರೆಗೆ ಹಿಡಿದು ಸರಿಸಿದರೆ ಗೆರೆಯೊಂದು ರಬ್ಬರಿನಂತೆ ಹಿಗ್ಗುತ್ತ ಪೆನ್ನಿನ ಹಿಂದೆಯೇ ಬರುತ್ತಿತ್ತು. ಪೆನ್ನು ಹಳೆಯ ಗೆರೆಯೊಂದರ ಸಮೀಪ ಬಂದರೆ ಸಾಕು, ಅದರ ಗುರುತು ತಾನಾಗಿ ಆ ಗೆರೆಗೆ ಅಂಟಿಕೊಳ್ಳುತ್ತಿತ್ತು. ಕೆಲಸ ಮುಗಿದ ಮೇಲೆ ಫಲ ತೋರಿಸುವುದರ ಬದಲು, ಕೆಲಸ ನಡೆದಿರುವಾಗಲೇ ತೋರಿಸುವ ಪದ್ಧತಿಗೆ ಇದು ಬುನಾದಿಯಾಯಿತು. ಇಂಥ ಬಳಕೆಗೆ 1983ರಲ್ಲಿ ಬೆನ್ ಶ್ನೈಡರ್‌ಮನ್ ‘ನೇರ ನಿರ್ವಹಣೆ’ ಎಂಬರ್ಥದ ಹೆಸರು ಕೊಟ್ಟರು: ವಸ್ತು ಕಣ್ಣಿಗೆ ಕಾಣುತ್ತಿರಬೇಕು, ಫಲ ಕೂಡಲೇ ತಿಳಿಯಬೇಕು, ಮಾಡಿದ್ದನ್ನು ಹಿಂದೆಗೆದುಕೊಳ್ಳುವಂತಿರಬೇಕು.

ಆ ಕಾಲದ ಯಂತ್ರಗಳಿಗೆ ಶಕ್ತಿ ಕಡಿಮೆ. ಚೌಕವನ್ನು ಎಳೆಯುವಾಗ ಇಡೀ ಚಿತ್ರವನ್ನು ಮತ್ತೆ ಮತ್ತೆ ಬರೆಯಲಾಗದೆ ಅಂಚಿನ ಗೆರೆಯನ್ನಷ್ಟೇ ಚಲಿಸುವಂತೆ ಮಾಡುತ್ತಿದ್ದರು. ಅದರಲ್ಲೂ ಒಂದು ಯುಕ್ತಿಯಿತ್ತು. ಗೆರೆ ಬೀಳುವ ಕಡೆ ಕಪ್ಪನ್ನು ಬಿಳುಪಾಗಿಯೂ ಬಿಳುಪನ್ನು ಕಪ್ಪಾಗಿಯೂ ತಿರುಗಿಸುವುದು. ಅದೇ ಜಾಗದಲ್ಲಿ ಇನ್ನೊಮ್ಮೆ ತಿರುಗಿಸಿದರೆ ಗೆರೆ ಅಳಿದು, ಕೆಳಗಿನ ಚಿತ್ರ ಮೊದಲಿನಂತೆಯೇ ಉಳಿಯುತ್ತಿತ್ತು.

1988ರಲ್ಲಿ ನೆಕ್ಸ್ಟ್ ಕಂಪ್ಯೂಟರ್‌ನೊಂದಿಗೆ ಫ್ರಾನ್ಸಿನ ಜ್ಯಾಂ-ಮರಿ ಉಲೋ ರೂಪಿಸಿದ ‘ಇಂಟರ್‌ಫೇಸ್ ಬಿಲ್ಡರ್’ ಬಂತು. 1991ರಲ್ಲಿ ಮೈಕ್ರೋಸಾಫ್ಟ್‌ನ ‘ವಿಶುವಲ್ ಬೇಸಿಕ್’ ಬಂತು. ವಿಶುವಲ್ ಬೇಸಿಕ್‌ನ ಖಾಲಿ ನಮೂನೆಯನ್ನು ಕಂಡರೆ ನಮ್ಮ ಹೆಣ್ಣುಮಕ್ಕಳಿಗೆ ಚುಕ್ಕಿ ರಂಗೋಲಿಯ ನೆನಪಾಗದೆ ಇರದು. ಅಂಗಳದಲ್ಲಿಟ್ಟ ಚುಕ್ಕಿ ಗೆರೆಗೆ ದಾರಿ ತೋರುವಂತೆ, ಇಲ್ಲಿನ ಚುಕ್ಕಿಗಳ ಸಾಲು ಚೌಕಗಳನ್ನು ನೇರವಾಗಿ ಕೂರಿಸಲು ನೆರವಾಗುತ್ತಿತ್ತು. ಆರಿಸಿದ ವಸ್ತುವಿನ ಸುತ್ತ ಎಂಟು ಪುಟ್ಟ ಹಿಡಿಕೆಗಳು ಮೂಡುತ್ತಿದ್ದವು. ಕಾರ್ಯಕ್ರಮ ಓಡುವಾಗ ಚುಕ್ಕಿಯೂ ಇಲ್ಲ, ಹಿಡಿಕೆಯೂ ಇಲ್ಲ. ಅವು ಕಟ್ಟುವವರಿಗೆ ಮಾತ್ರ.

ಗುರುತುಗಳು ಹೆಚ್ಚಿದಂತೆ ಅವುಗಳಲ್ಲಿ ಶಿಸ್ತೂ ಬೇಕಾಯಿತು. ಆರಿಸಿದ್ದಕ್ಕೊಂದು ಗುರುತು, ಎಳೆಯುತ್ತಿರುವುದಕ್ಕೆ ಮತ್ತೊಂದು, ಬಿಡಬಹುದಾದ ಜಾಗಕ್ಕೆ ಇನ್ನೊಂದು, ಬಿಡಬಾರದ ಜಾಗಕ್ಕೆ ಬೇರೆಯೇ ಒಂದು. ಎಲ್ಲಕ್ಕೂ ಒಂದೇ ನೀಲಿ ಬಳಿದರೆ ಏನೂ ತಿಳಿಯದು. ಕೇವಲ ಕೆಂಪು-ಹಸಿರನ್ನು ನಂಬಿದರೂ ಸಾಲದು. ಆ ಎರಡರ ನಡುವಣ ವ್ಯತ್ಯಾಸ ಕಾಣದ ಕಣ್ಣುಗಳಿವೆ. ಆದ್ದರಿಂದ ಬಣ್ಣದ ಜೊತೆಗೆ ಗೆರೆಯ ಆಕಾರವೂ ಬದಲಾಗಬೇಕು: ಒಂದು ಕಡೆ ಅಖಂಡ ಗೆರೆ, ಇನ್ನೊಂದು ಕಡೆ ತುಂಡುಗೆರೆ.

2005ರ ಹೊತ್ತಿಗೆ ಚುಕ್ಕಿಗಳ ಜಾಗಕ್ಕೆ ಜಾಣ ಗೆರೆಗಳು ಬಂದವು. ಆ ವರ್ಷದ ‘ವಿಶುವಲ್ ಸ್ಟುಡಿಯೋ’ದಲ್ಲಿ ಎರಡು ಚೌಕಗಳ ಅಂಚು ಸರಿಸಮನಾದಾಗ ಒಂದು ಗೆರೆ ಮೂಡುತ್ತಿತ್ತು, ಅಕ್ಷರಗಳ ಪಾದ ಒಂದೇ ಮಟ್ಟಕ್ಕೆ ಬಂದಾಗ ಬೇರೆ ಬಣ್ಣದ ಗೆರೆ. ಕನ್ನಡದ ಪ್ರಶ್ನೆ ಏಳುವುದು ಇಲ್ಲಿಯೇ. ಇಂಗ್ಲಿಷಿನ ಅಕ್ಷರಗಳಲ್ಲಿ ಕೆಲವು ಮಾತ್ರ ಪಾದದ ಗೆರೆಯಿಂದ ಕೊಂಚ ಕೆಳಗಿಳಿಯುತ್ತವೆ. ಕನ್ನಡದ ಒತ್ತಕ್ಷರ ನಿಲ್ಲುವುದೇ ಆ ಗೆರೆಯ ಕೆಳಗೆ. ಗಡಿಭಾಗದವರು ದಿನವೂ ಓದುವ ಮರಾಠಿಯಲ್ಲಿ ‘ಪತ್ನಿ’ ಎಂದು ಬರೆದರೆ ಅರ್ಧ ತಕಾರ ಪಕ್ಕದ ನಕಾರಕ್ಕೆ ಅಂಟಿಕೊಳ್ಳುತ್ತದೆ. ಕನ್ನಡದಲ್ಲಿ ನಕಾರ ಕೆಳಕ್ಕಿಳಿಯುತ್ತದೆ. ಪಾದಗಳು ನೇರವಾಗಿವೆ ಎಂದು ತಂತ್ರಾಂಶ ಗೆರೆ ಎಳೆದು ತೋರಿಸಿದ ಮಾತ್ರಕ್ಕೆ ಕನ್ನಡದ ಚೌಕ ಸರಿಯಾಯಿತೆಂದಲ್ಲ. ಅಕ್ಷರ ಚೌಕವನ್ನು ಮೀರಿದಾಗ ಎಚ್ಚರಿಸುವ ಗುರುತೂ ಬೇಕು. ಜೋಡಿಸುವವರು ಇಂಗ್ಲಿಷಿನ ನಾಲ್ಕಕ್ಷರ ತುಂಬಿ ಪರೀಕ್ಷಿಸುವ ಬದಲು ‘ವಿಸ್ತೀರ್ಣ’, ‘ಹಕ್ಕು’ ಎಂಬಂಥ ಪದಗಳನ್ನೇ ಇಟ್ಟು ನೋಡಬೇಕು.

ಕಣ್ಣಿಗೆ ಕಾಣುವುದರ ಬೆಲೆಯನ್ನು ಕರ್ನಾಟಕ ಇನ್ನೊಂದು ಬಗೆಯಲ್ಲಿ ಕಂಡಿದೆ. ಕಂದಾಯ ಇಲಾಖೆಯ ‘ಭೂಮಿ’ ಯೋಜನೆ 2000ದ ದಶಕದ ಆರಂಭದಲ್ಲಿ ಆಗಿನ 176 ತಾಲ್ಲೂಕುಗಳಲ್ಲೂ ಪಹಣಿಯನ್ನು, ಬೆಳಗಾವಿ ಸೀಮೆಯ ಮಾತಿನಲ್ಲಿ ಉತಾರವನ್ನು, ಕಂಪ್ಯೂಟರಿಗೆ ಏರಿಸಿತು. ಉಗಾರ ಬುದ್ರುಕ ಆಗ ಅಥಣಿ ತಾಲ್ಲೂಕಿನಲ್ಲಿತ್ತು. 15 ರೂಪಾಯಿ ಕೊಟ್ಟರೆ ತಾಲ್ಲೂಕು ಕಚೇರಿಯಲ್ಲಿ ಅಚ್ಚಾದ ಪ್ರತಿ ಸಿಗುತ್ತಿತ್ತು. ಆ ಕೌಂಟರುಗಳ ವ್ಯವಸ್ಥೆಯಲ್ಲಿ ರೈತರ ಕಡೆಗೆ ಮುಖ ಮಾಡಿದ ಎರಡನೆಯ ತೆರೆಯೊಂದಿತ್ತು. ಒಳಗೆ ಕುಳಿತವರು ಮಾಡುವ ಕೆಲಸ ಹೊರಗೆ ನಿಂತವರಿಗೂ ಕಾಣಲಿ ಎಂಬುದೇ ಅದರ ಉದ್ದೇಶ.

ಸದರ್‌ಲ್ಯಾಂಡರ ರಬ್ಬರ್ ಗೆರೆಗೂ ಈ ಎರಡನೆಯ ತೆರೆಗೂ ತತ್ತ್ವ ಒಂದೇ: ತಪ್ಪು ತಿದ್ದಲು ಬರುವ ಹೊತ್ತಿನಲ್ಲಿ ಅದು ಕಣ್ಣಿಗೆ ಬೀಳಬೇಕು. ಆದರೆ ತೆರೆಯನ್ನು ರೈತರ ಕಡೆ ತಿರುಗಿಸಿದರಷ್ಟೇ ಸಾಲದು. ಚೌಕ ಜೋಡಿಸಿದವರ ತೆರೆಯ ಮೇಲೆಯೇ ಒತ್ತು ಉಳಿದಿರಬೇಕು. ಆಗ ಮಾತ್ರ ಕಚೇರಿಯಲ್ಲಿ ನಿಂತವರು ತಮ್ಮ ಹೆಸರನ್ನೂ ಊರನ್ನೂ ಸರಿಯಾಗಿ ಓದಿ, ಹೌದೆಂದೋ ಅಲ್ಲವೆಂದೋ ಹೇಳಬಲ್ಲರು.