ಮುಂಬಯಿಯಲ್ಲಿ ಮಡಚುವ ಬೈಸಿಕಲ್ಲು

1923ರಲ್ಲಿ ಆರು ಮಂದಿ ಪಾರಸಿ ತರುಣರು ಬೈಸಿಕಲ್ಲನ್ನೇರಿ ಭೂಪ್ರದಕ್ಷಿಣೆಗೆ ಹೊರಟು, ಅವರಲ್ಲಿ ಹಕೀಮ್, ಬಾಪಸೋಲಾ, ಭುಮ್‌ಗರಾ ಎಂಬ ಮೂವರು 1928ರಲ್ಲಿ ಮರಳಿ ಬಂದಿಳಿದ ಈ ಮುಂಬಯಿಯಲ್ಲಿ, ಲೋಕವನ್ನೇ ಸುತ್ತಬಲ್ಲ ಆ ವಾಹನವನ್ನು ಚಾಳಿನ ಮೂರನೆಯ ಮಾಳಿಗೆಗೆ ಹೊತ್ತೊಯ್ದು ಖೋಲಿಯೊಳಗೆ ನಿಲ್ಲಿಸುವುದು ಮಾತ್ರ ಇಂದಿಗೂ ದುಸ್ಸಾಧ್ಯವಾಗಿಯೇ ಉಳಿದಿದೆ. 1925ರಲ್ಲಿ ವಿಕ್ಟೋರಿಯಾ ಟರ್ಮಿನಸ್ಸಿನಿಂದ ಕುರ್ಲಾದವರೆಗೆ ವಿದ್ಯುತ್ ರೈಲು ಓಡಲಾರಂಭಿಸಿದ ತರುವಾಯ ಉಪನಗರಗಳು ಹಬ್ಬಿ, ಮನೆಗೂ ಕಚೇರಿಗೂ ನಡುವಣ ದೂರವು ತುಳಿತಕ್ಕೆ ನಿಲುಕದಂತಾಯಿತು; ರೈಲಿನ ಎರಡು ತುದಿಗಳಲ್ಲಿ ಬೈಸಿಕಲ್ಲು ಬೇಕು, ನಡುವೆ ಅದು ಅದೃಶ್ಯವಾಗಬೇಕು.

ವರಳಿಯಲ್ಲಿ ಸ್ಥಾಪಿತವಾಗಿದ್ದ ಹಿಂದ್ ಸೈಕಲ್ಸ್ ಕಾರ್ಖಾನೆಯು, 1980ರಲ್ಲಿ ಆಸನ್ಸೋಲಿನ ಸೇನ್-ರ‍್ಯಾಲೆಯೊಡನೆ ಒಂದೇ ಕಾಯಿದೆಯಿಂದ ರಾಷ್ಟ್ರೀಕೃತವಾಯಿತು. ಡಬ್ಬಾವಾಲರ ಗಾಡಿಯಂತಹ ಎತ್ತರದ, ತೂಕದ, ಮಡಚಲಾಗದ ಬೈಸಿಕಲ್ಲುಗಳ ಕಾಲವದು. ಅವುಗಳ ಬಿಡಿಭಾಗಗಳು ಫುಟ್‌ಪಾತಿನ ಯಾವ ರಿಪೇರಿಯವನಲ್ಲಿಯೂ ದೊರೆಯುತ್ತಿದ್ದವು.

ಮಡಚುವ ಬೈಸಿಕಲ್ಲು ಯುದ್ಧಕ್ಕೂ ಹೋಗಿತ್ತು. ಎರಡನೆಯ ಮಹಾಯುದ್ಧದಲ್ಲಿ ಬ್ರಿಟಿಷ್ ಪ್ಯಾರಾಶೂಟ್ ಯೋಧರಿಗಾಗಿ ಬಿ.ಎಸ್.ಎ. ಕಂಪನಿಯು, ಕಿವಿಯುಳ್ಳ ಎರಡು ನಟ್ಟುಗಳನ್ನು ಸಡಿಲಿಸಿದೊಡನೆ ನಡುವೆ ಮಡಚಿಕೊಳ್ಳುವ ಬೈಸಿಕಲ್ಲನ್ನು ನಿರ್ಮಿಸಿತು. ಚಿಕ್ಕ ಚಕ್ರದ ನಾಗರಿಕ ರೂಪಗಳಲ್ಲೊಂದು ನಾಟಿಂಗ್‌ಹ್ಯಾಮಿನ ರ‍್ಯಾಲೆ ಕಂಪನಿಯ ‘ಟ್ವೆಂಟಿ’ಯಲ್ಲಿ, 1960ರ ದಶಕದ ಕೊನೆಯಲ್ಲಿ ಬಂದಿತು, ಮಡಚುವ ಪ್ರಕಾರವು ಅದರ ಬೆನ್ನಿಗೇ ಹೊರಟಿತು. ಅಂತಹ ಹಳೆಯ ಗಾಡಿಯೊಂದು ಕೈಸೇರಿದವನಿಗೆ ಮೊದಲ ಪಾಠ ಹೇಳುವವಳು ಮುಂಬಯಿಯ ಮಳೆಯೇ: ಉಕ್ಕಿನ ರಿಮ್ಮು ನೆನೆದರೆ ಬ್ರೇಕು ಹಿಡಿಯುವುದಿಲ್ಲ, ಒತ್ತಿದಷ್ಟೂ ಗಾಡಿ ಜಾರುತ್ತಲೇ ಹೋಗುತ್ತದೆ. ಆದುದರಿಂದ ಅಲ್ಯೂಮಿನಿಯಂ ರಿಮ್ಮನ್ನು ಹಾಕಿಸುವುದೇ ಮೊದಲ ಸುಧಾರಣೆ. ಆದರೆ ಇಪ್ಪತ್ತಿಂಚೆಂಬ ಒಂದೇ ಹೆಸರಿನಲ್ಲಿ ಎರಡು ಅಳತೆಗಳು ಅಡಗಿವೆ: ಹಳೆಯದರ ರಿಮ್ಮು 451 ಮಿಲಿಮೀಟರು, ಪೇಟೆಯಲ್ಲಿ ಮಕ್ಕಳ ಗಾಡಿಗೆ ಸಿಕ್ಕುವುದು 406. ಅದನ್ನು ಕೂಡಿಸಿದರೆ ಬ್ರೇಕಿನ ರಬ್ಬರು ಇಪ್ಪತ್ತೆರಡೂವರೆ ಮಿಲಿಮೀಟರು ಕೆಳಗಿಳಿಯಬೇಕಾಗುತ್ತದೆ. ಉದ್ದ ತೋಳಿನ ಬ್ರೇಕಿಲ್ಲದವನು ಅಲ್ಲಿಗೇ ಸೋತನು.

ಪೆಡಲಿನ ಅಚ್ಚಿನ ವಿಷಯ ಇನ್ನೂ ಸೂಕ್ಷ್ಮವಾದುದು. ಉಳಿದ ಹೆಚ್ಚಿನವರು ಇಂಚಿಗೆ 24 ಸುತ್ತಿನ ತಿರುಪನ್ನು ಕೊರೆದಲ್ಲಿ ರ‍್ಯಾಲೆಯವರು ತಮ್ಮದೇ ಹಟದಿಂದ 26 ಸುತ್ತು ಕೊರೆದುದರಿಂದ ಹೊಸ ಅಚ್ಚಿನ ಬಟ್ಟಲು ಅವರ ಚೌಕಟ್ಟಿನಲ್ಲಿ ಕೂರದು. ಬಲವಂತದಿಂದ ತಿರುಗಿಸಿದರೆ ಚೌಕಟ್ಟೇ ಹಾಳು. ಫುಟ್‌ಪಾತಿನ ಕುಶಲಿ ಇದನ್ನರಿತು, ಹಳೆಯ ಬಟ್ಟಲನ್ನೇ ತೊಳೆದು, ಗೋಲಿಗಳನ್ನು ಬದಲಿಸಿ, ಗ್ರೀಸು ತುಂಬಿ, ಕಾಟರ್ ಪಿನ್ನನ್ನು ಅರ ಹಾಕಿ ಕೂಡಿಸುವುದು ಬಡತನದ ಉಪಾಯವೆಂದು ನಗುವವರುಂಟು. ನನ್ನ ಮತದಲ್ಲಿ ಅದೇ ಯುಕ್ತವಾದ ಮಾರ್ಗ. ಕಡಲ ಗಾಳಿಯ ತುಕ್ಕಿಗೆ ಚೌಕಟ್ಟನ್ನು ಮಡಚುವ ಕೀಲೇ ಮೊದಲ ಆಹುತಿಯಾದುದರಿಂದ, ಪ್ರತಿ ಮಳೆಗಾಲದ ಮುನ್ನ ಅದನ್ನು ಬಿಚ್ಚಿ ಒರೆಸಿ, ಬಿರುಕುಂಟೇ ಎಂದು ಬೆರಳಾಡಿಸಿ ನೋಡತಕ್ಕದ್ದು.

ಹಿಂಚಕ್ರದ ನಡುವಿನ ಮೂರು ಗೇರಿನ ಸ್ಟರ್ಮಿ-ಆರ್ಚರ್ ಹಬ್ಬನ್ನು ಮಾತ್ರ, ಓದುಗರೇ, ಹಳೆಯದೆಂದು ಗುಜರಿಗೆ ಹಾಕದಿರಿ. ಅದರ ಮೈಮೇಲೆ ಎಣ್ಣೆಗಾಗಿಯೇ ಚಿಕ್ಕ ರಂಧ್ರವೊಂದಿದೆ. ತಿಂಗಳಿಗೊಮ್ಮೆ ನಾಲ್ಕು ಹನಿ ಸಾಕು.