ಗೆದ್ದಲಿನಿಂದ ವೈರಸ್‌ವರೆಗೆ: ಪಹಣಿ ಕಾಯ್ದ ಕಥೆ

ಮಾಣಿಕನಗರವೆಂದರೆ ಮಾಣಿಕಪ್ರಭುಗಳ ಸಂಸ್ಥಾನ ಹಾಗೂ ದತ್ತ ಜಯಂತಿಯ ಜಾತ್ರೆ ನೆನಪಾಗುವುದು ಸಹಜ. ಆದರೆ ಸುತ್ತಲಿನ ಹೊಲಗಳಲ್ಲಿ ತೊಗರಿ, ಕಬ್ಬು ಬೆಳೆಯುವ ರೈತನಿಗೆ ಬೆಳೆಸಾಲ ಬೇಕಾದಾಗ ಮೊದಲು ನೆನಪಾಗುವುದು ಪಹಣಿ. ಹೊಲ ಯಾರದು, ಎಷ್ಟು ಎಕರೆ, ಅದರ ಮೇಲೆ ಸಾಲವಿದೆಯೇ ಎಂಬುದನ್ನೆಲ್ಲ ಹೇಳುವ ದಾಖಲೆ ಅದು. ಅದರಲ್ಲಿ ಒಂದು ಹೆಸರು ಬದಲಾದರೆ ರೈತ ವರ್ಷಗಟ್ಟಲೆ ಕಚೇರಿ, ಕೋರ್ಟು ಅಲೆಯಬೇಕು. ಈ ದಾಖಲೆ ಇಂದು ಕಂಪ್ಯೂಟರಿನಲ್ಲಿದೆ. ಹಾಗಾದರೆ ಅದು ಹಿಂದಿಗಿಂತ ಭದ್ರವೇ?

ಬೀದರ್ ಪ್ರದೇಶ 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿತ್ತು. ನಿಜಾಮರ ಆಳ್ವಿಕೆಯಲ್ಲಿ ಉರ್ದು ಆಡಳಿತ ಭಾಷೆಯಾಗಿತ್ತು. ಏಕೀಕರಣದ ನಂತರ ಕನ್ನಡ ಬಂದರೂ ದಾಖಲೆ ಕಾಯುವ ಪದ್ಧತಿ ಹೆಚ್ಚು ಬದಲಾಗಲಿಲ್ಲ. ರಾಜ್ಯದ ಸುಮಾರು 9,000 ಗ್ರಾಮ ಲೆಕ್ಕಿಗರ ಕೈಯಲ್ಲಿ ಪಹಣಿ ಪುಸ್ತಕಗಳಿದ್ದವು. ಗೆದ್ದಲು, ಇಲಿ, ಮಳೆನೀರು ಅವುಗಳ ಶತ್ರುಗಳು. ಎಲ್ಲಕ್ಕಿಂತ ದೊಡ್ಡ ಶತ್ರು ಲೇಖನಿಯೇ. ಪುಸ್ತಕ ಒಬ್ಬರ ವಶದಲ್ಲೇ ಇದ್ದುದರಿಂದ, ಯಾರು ಯಾವಾಗ ತಿದ್ದಿದರೆಂದು ಪತ್ತೆ ಹಚ್ಚುವುದು ಕಷ್ಟವಾಗಿತ್ತು.

ಬೆರಳೇ ಬೀಗದ ಕೈ

ರಾಜ್ಯದಲ್ಲಿ ಭೂದಾಖಲೆಗಳನ್ನು ಕಂಪ್ಯೂಟರಿಗೆ ಸೇರಿಸುವ ಪ್ರಯೋಗ 1991ರಲ್ಲಿ ಆರಂಭವಾಯಿತು. ಅದು ಜನರಿಗೆ ತಲುಪಿದ್ದು ಹೊಸ ಶತಮಾನದ ಆರಂಭದಲ್ಲಿ ಬಂದ ‘ಭೂಮಿ’ ಯೋಜನೆಯಿಂದ. ಸುಮಾರು 67 ಲಕ್ಷ ರೈತರ 2 ಕೋಟಿ ದಾಖಲೆಗಳು ಕಂಪ್ಯೂಟರ್ ಸೇರಿದವು. ಆಗಿದ್ದ 177 ತಾಲ್ಲೂಕುಗಳಲ್ಲಿ ಪಹಣಿ ವಿತರಣಾ ಕೇಂದ್ರಗಳು ತೆರೆದವು. ಹುಮನಾಬಾದ್, ಬಸವಕಲ್ಯಾಣ ತಾಲ್ಲೂಕುಗಳೂ ಅವುಗಳಲ್ಲಿ ಸೇರಿದ್ದವು.

ಯೋಜನೆಯ ಹಿಂದಿನ ಮುಖ್ಯ ಪ್ರಶ್ನೆ, ಕಂಪ್ಯೂಟರನ್ನು ಕಾಯುವವರು ಯಾರು ಎಂಬುದು. ಗುಪ್ತಪದವನ್ನು ಒಬ್ಬರು ಇನ್ನೊಬ್ಬರಿಗೆ ಹೇಳಬಹುದು, ಚೀಟಿಯಲ್ಲಿ ಬರೆದಿಡಬಹುದು. ಆದ್ದರಿಂದ ಸಿಬ್ಬಂದಿ ಬೆರಳಚ್ಚು ನೀಡಿಯೇ ಒಳಹೋಗಬೇಕೆಂಬ ವ್ಯವಸ್ಥೆ ಬಂತು. ಯಾರು, ಯಾವ ದಿನ, ಎಷ್ಟು ಹೊತ್ತಿಗೆ ಏನು ಬದಲಿಸಿದರೆಂಬುದು ದಾಖಲಾಗತೊಡಗಿತು. ‘ನಾನು ಮಾಡಿಲ್ಲ’ ಎಂದು ಜಾರಿಕೊಳ್ಳುವ ದಾರಿ ಮುಚ್ಚಿತು. ರೈತನ ಕಡೆಗೂ ಒಂದು ಪರದೆ ಇಟ್ಟಿದ್ದರಿಂದ ತನ್ನ ದಾಖಲೆಯನ್ನು ಅವನೂ ನೋಡುವಂತಾಯಿತು. ಮುಂದೆ ತಾಲ್ಲೂಕುಗಳ ಮಾಹಿತಿ ಬೆಂಗಳೂರಿನ ಕೇಂದ್ರಕ್ಕೂ ಸೇರಿತು.

ಲಾಹೋರಿನಿಂದ ಬಂದ ರೋಗ

ಗೆದ್ದಲು ಹೋದರೂ ಹೊಸ ಹುಳು ಕಾದಿತ್ತು. 1986ರಲ್ಲಿ ಪಾಕಿಸ್ತಾನದ ಲಾಹೋರಿನ ಇಬ್ಬರು ಸಹೋದರರು ಬರೆದ ‘ಬ್ರೇನ್’, ಐಬಿಎಂ ಮಾದರಿಯ ಪರ್ಸನಲ್ ಕಂಪ್ಯೂಟರುಗಳ ಮೊದಲ ವೈರಸ್ ಎಂದು ಹೆಸರಾಗಿದೆ. ತಾವು ಬರೆದ ತಂತ್ರಾಂಶವನ್ನು ಕದ್ದು ನಕಲು ಮಾಡುವವರಿಗಾಗಿ ಅದನ್ನು ಬರೆದೆವೆಂಬುದು ಅವರ ವಿವರಣೆ. ಅದರೊಳಗೆ ತಮ್ಮ ವಿಳಾಸ, ಫೋನ್ ಸಂಖ್ಯೆಯನ್ನೂ ಬರೆದಿದ್ದರು! ಫ್ಲಾಪಿಯಿಂದ ಫ್ಲಾಪಿಗೆ ಹತ್ತಿ ಅದು ಸಮುದ್ರ ದಾಟಿತು.

ಬರಬರುತ್ತಾ ವೈರಸ್‌ಗಳು ಕ್ರೂರವಾದವು. ತೈವಾನ್‌ನ ವಿದ್ಯಾರ್ಥಿಯೊಬ್ಬ ಬರೆದ ‘ಸಿಐಎಚ್’ 1999ರ ಏಪ್ರಿಲ್ 26ರಂದು ಎಚ್ಚೆತ್ತು ಹಾರ್ಡ್ ಡಿಸ್ಕ್ ಅಳಿಸಿತು. ಕೆಲವೆಡೆ ಕಂಪ್ಯೂಟರ್ ಚಾಲೂ ಆಗಲು ಬೇಕಾದ ಚಿಪ್ಪಿನ ಮಾಹಿತಿಯನ್ನೂ ಕೆಡಿಸಿತು. 2000ದ ಮೇ ತಿಂಗಳಲ್ಲಿ ಫಿಲಿಪ್ಪೀನ್ಸ್‌ನಿಂದ ‘ಐ ಲವ್ ಯೂ’ ಎಂಬ ಇ-ಮೇಲ್ ಬಂತು. ಪ್ರೇಮಪತ್ರವೆಂದು ತೆರೆದವರ ಕಡತಗಳು ಹಾಳಾದವು. ಅದೇ ವರ್ಷ ಅಕ್ಟೋಬರ್ 17ರಂದು ಜಾರಿಗೆ ಬಂದ ಭಾರತದ ಮಾಹಿತಿ ತಂತ್ರಜ್ಞಾನ ಕಾಯ್ದೆಯಲ್ಲಿ ವೈರಸ್ ಹರಡುವುದರ ಪ್ರಸ್ತಾಪವೂ ಇತ್ತು.

2017ರ ಮೇ 12ರ ‘ವಾನ್ನಾಕ್ರೈ’ ಕಡತಗಳಿಗೆ ಬೀಗ ಜಡಿದು ಹಣ ಕೇಳಿತು. ವಿಂಡೋಸ್‌ನಲ್ಲಿ ಅದು ನುಸುಳಿದ ಬಿರುಕಿಗೆ ಮಾರ್ಚ್‌ನಲ್ಲೇ ತೇಪೆ ಬಿಡುಗಡೆಯಾಗಿತ್ತು. ತೇಪೆ ಹಾಕಿಕೊಳ್ಳದವರೇ ಹೆಚ್ಚಾಗಿ ಸಿಕ್ಕಿಬಿದ್ದರು.

ಮನೆಯ ಕಂಪ್ಯೂಟರಿಗೆ ಪಾಠ

ಈ ಇತಿಹಾಸ ಅಂಗಡಿಯ ಲೆಕ್ಕ, ಮಕ್ಕಳ ಅಂಕಪಟ್ಟಿ, ಮದುವೆಯ ಫೋಟೊ ಇಟ್ಟುಕೊಂಡವರಿಗೂ ಸಲ್ಲುತ್ತದೆ. ವೈರಸ್‌ನಿರೋಧಕ ತಂತ್ರಾಂಶ ಕಾವಲುಗಾರನಂತೆ, ಪರಿಚಿತ ಕಳ್ಳರ ಗುರುತಿನ ಪಟ್ಟಿ ಹಿಡಿದು ನಿಲ್ಲುತ್ತದೆ. ಪಟ್ಟಿ ಹಳೆಯದಾದರೆ ಹೊಸ ಕಳ್ಳ ಅದರ ಕಣ್ಣಿಗೆ ಬೀಳದೆ ಹೋಗಬಹುದು. ಹೀಗಾಗಿ ಆಗಾಗ ನವೀಕರಿಸುವುದು ಅಗತ್ಯ. ಬೇರೆಯವರ ಪೆನ್ ಡ್ರೈವನ್ನು ಪರೀಕ್ಷಿಸದೆ ತೆರೆಯಬಾರದು. ಗುಪ್ತಪದವನ್ನು ಯಾರಿಗೂ ಕೊಡಬಾರದು.

ಎಲ್ಲ ಹಾನಿಯೂ ವೈರಸ್‌ನಿಂದಲೇ ಆಗದು. ನಮ್ಮ ಕಡೆಯ ಬೇಸಿಗೆಯ ಧೂಳು ಫ್ಯಾನಿಗೆ ಕಟ್ಟಿಕೊಂಡರೆ ಯಂತ್ರ ಕಾದು ಕೆಡುತ್ತದೆ. ಬರೆಯುತ್ತಿರುವಾಗಲೇ ಕರೆಂಟ್ ಹೋದರೆ ಕಡತ ಹಾಳಾಗಬಹುದು. ಯುಪಿಎಸ್ ಇದ್ದರೆ ಉಳಿಸಿ ಮುಚ್ಚಲು ಸಮಯ ಸಿಗುತ್ತದೆ. ಗುಡುಗು ಕೇಳುವ ಮೊದಲೇ ವಿದ್ಯುತ್ ಪ್ಲಗ್ಗನ್ನೂ ಇಂಟರ್‌ನೆಟ್ ತಂತಿಯನ್ನೂ ತೆಗೆದಿಡುವುದು ಒಳ್ಳೆಯದು.

ಇಷ್ಟಾದರೂ ಒಂದು ದಿನ ಯಂತ್ರ ಕೆಡುವುದು ಖಚಿತ. ಆಗ ಕೈಹಿಡಿಯುವುದು ಬೇರೆಡೆ ಇಟ್ಟ ಎರಡನೇ ಪ್ರತಿ ಮಾತ್ರ. ಹಳೆಯ ಪಹಣಿ ಪುಸ್ತಕಕ್ಕೆ ಇಲ್ಲದೆ ಹೋದ ಆ ಭಾಗ್ಯ ನಮ್ಮ ಕಡತಗಳಿಗೆ ಸುಲಭವಾಗಿ ಸಿಗುತ್ತದೆ. ವಾರಕ್ಕೊಮ್ಮೆ ಪ್ರತಿ ತೆಗೆದು, ಅದನ್ನು ಕಂಪ್ಯೂಟರಿನಿಂದ ಬಿಡಿಸಿ ಬೇರೆ ಕಡೆ ಇಟ್ಟರಾಯಿತು.