ಮುಳುಗಿದ ಹಡಗು ಮತ್ತೆ ತೇಲಿದ್ದು

ಆಟದ ಮೂಲಕ ಪಾಠ ಕಲಿಸುವ ಮಾತು ಬಂದಾಗಲೆಲ್ಲ ನನಗೆ 1942ರ ಮೇ ತಿಂಗಳು ನೆನಪಾಗುತ್ತದೆ. ಮಿಡ್ವೇ ದ್ವೀಪದ ದಾಳಿಗೆ ಸಜ್ಜಾಗುತ್ತಿದ್ದ ಜಪಾನಿನ ನೌಕಾಧಿಕಾರಿಗಳು ‘ಯಮಾಟೊ’ ಯುದ್ಧನೌಕೆಯಲ್ಲಿ ಕೂತು, ದಾಳ ಉರುಳಿಸಿ, ಬರಲಿರುವ ಕದನವನ್ನು ಆಡಿ ನೋಡಿದರು. ಒಂಬತ್ತು ಬಾಂಬುಗಳು ಗುರಿ ಮುಟ್ಟಿದವೆಂದು ದಾಳ ಹೇಳಿತು. ‘ಅಕಾಗಿ’, ‘ಕಾಗಾ’ ಎಂಬ ಎರಡು ವಿಮಾನವಾಹಕ ನೌಕೆಗಳು ಮುಳುಗಿದವು. ಆಟ ನಡೆಸುತ್ತಿದ್ದ ಅಡ್ಮಿರಲ್ ಉಗಾಕಿ ಒಂಬತ್ತನ್ನು ಮೂರಕ್ಕೆ ಇಳಿಸಿದ. ಕಾಗಾ ಮಾತ್ರ ಮುಳುಗಿತು. ಮುಂದಿನ ಸುತ್ತಿನಲ್ಲಿ ಅದೂ ತೇಲಿತು. ಯುದ್ಧದ ನಂತರ ಇದನ್ನು ಬರೆದವರು ಅದೇ ನೌಕಾಪಡೆಯ ಫುಚಿದಾ ಮತ್ತು ಒಕುಮಿಯಾ.

ಜೂನ್ 4ರಂದು ನಿಜವಾದ ಬಾಂಬುಗಳು ಬಿದ್ದವು. ಆ ಕದನದಲ್ಲಿ ಜಪಾನ್ ಅಕಾಗಿ, ಕಾಗಾ ಸೇರಿ ನಾಲ್ಕು ವಿಮಾನವಾಹಕಗಳನ್ನು ಕಳೆದುಕೊಂಡಿತು.

ದಾಳಕ್ಕೆ ಭವಿಷ್ಯ ತಿಳಿಯದು, ನಿಜ. ಆದರೆ ‘ಹೀಗೇ ಆದರೆ ಏನು ಮಾಡುವುದು?’ ಎಂಬ ಪ್ರಶ್ನೆಯನ್ನು ಅದು ಮುಂದಿಟ್ಟಿತ್ತು. ಅಂಕಿ ತಿದ್ದಿದೊಡನೆ ಆ ಪ್ರಶ್ನೆಯೂ ಅಳಿಸಿಹೋಯಿತು. ಆಟದ ನಂತರ ಕೂತು ಮಾತಾಡುವ ಡಿಬ್ರೀಫಿಂಗ್ ಇರುವುದು ಇಂಥ ಪ್ರಶ್ನೆಗಾಗಿಯೇ. ತರಗತಿಯಲ್ಲಿ ಆಟ ಆಡಿಸುವ ಗೆಳೆಯರಿಗೆ ನಾನು ಹೇಳುವುದಿಷ್ಟೇ: ಆಟಕ್ಕೆ ಕೊಟ್ಟಷ್ಟು ಹೊತ್ತನ್ನು ಚರ್ಚೆಗೂ ಕೊಡಿ, ಮೊದಲ ಮಾತು ಸೋತವರದಾಗಲಿ.